ಹಳೇ ಕಂಪ್ಯೂಟರ್‌ಗಳಿಗೆ ಮನೆಯಲ್ಲಿ ಜಾಗ: ಅಟ್ಟವೋ, ರ‍್ಯಾಕೋ, ಮಂಚದ ಕೆಳಗೋ?

ಬೆಂಗಳೂರಿನಲ್ಲಿ ಹಳೇ ಕಂಪ್ಯೂಟರ್ ಸಿಗುವುದು ಕಷ್ಟವಲ್ಲ. ಎಸ್.ಪಿ. ರೋಡಿನ ಒಳಗಲ್ಲಿಗಳಲ್ಲಿ, ಗುಜರಿ ಅಂಗಡಿಗಳಲ್ಲಿ, ಆಫೀಸು ಖಾಲಿ ಮಾಡುವವರ ಹತ್ತಿರ, ಅಮೆರಿಕದಿಂದ ವಾಪಸ್ ಬಂದ ನೆಂಟರ ಮನೆಯಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಕಷ್ಟ ಶುರುವಾಗುವುದು ಅದನ್ನು ಮನೆಗೆ ತಂದ ಮೇಲೆ. ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಅದರಲ್ಲಿ ಮಕ್ಕಳ ಓದುವ ಮೇಜು, ಬೀರು, ದೇವರ ಮೂಲೆ. ಇವುಗಳ ನಡುವೆ ಹದಿನೈದು ಕೆ.ಜಿ. ತೂಗುವ ಮಾನಿಟರ್ ಎಲ್ಲಿಡುವುದು?

ಸಾಮಾನ್ಯವಾಗಿ ಎಲ್ಲರೂ ಇಡೀ ಕಂಪ್ಯೂಟರಿಗೆ ಒಂದು ಜಾಗ ಹುಡುಕುತ್ತಾರೆ. ಆ ಹಟ ಬಿಟ್ಟುಬಿಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಕವಚಕ್ಕೆ ಬಿಸಿಲು ಆಗದು. ಫ್ಲಾಪಿಗೆ ತೇವ ಆಗದು. ವಿದ್ಯುತ್ ಹಿಡಿದಿಡುವ ಪುಟ್ಟ ಭಾಗವಾದ ಕ್ಯಾಪಾಸಿಟರ್‌ಗೆ ಸೆಕೆ ಆಗದು. ಪಿಕ್ಚರ್ ಟ್ಯೂಬ್ ಮಾನಿಟರನ್ನು ಎತ್ತರದಲ್ಲಿ ಇಡುವ ಹಾಗಿಲ್ಲ. ಒಂದೊಂದು ಭಾಗದ ಕಷ್ಟ ಒಂದೊಂದು. ಹಾಗಾಗಿ ಒಂದೇ ಕಂಪ್ಯೂಟರಿನ ಭಾಗಗಳನ್ನು ಮನೆಯ ಮೂರು ಕಡೆ ಹಂಚಿ ಇಟ್ಟರೂ ತಪ್ಪಿಲ್ಲ. ಯಾವುದು ಎಲ್ಲಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು.

ಜಾಗಕ್ಕಿಂತ ಮೊದಲು ಬ್ಯಾಟರಿ

ಎಲ್ಲೇ ಇಡಿ, ಬ್ಯಾಟರಿ ತೆಗೆಯದೆ ಮಾತ್ರ ಇಡಬೇಡಿ. ಇಂಟೆಲ್‌ನ 386, 486 ಚಿಪ್‌ಗಳ ಕಾಲದ ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ನೀಲಿ ಬಣ್ಣದ ಪುಟ್ಟ ಪೀಪಾಯಿ ಥರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ವರ್ಷ ಕಳೆದಂತೆ ಅದು ಸೋರುತ್ತದೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಹಳೇ ಮ್ಯಾಕಿಂತೋಷ್‌ಗಳಲ್ಲಿರುವ ಅರ್ಧ ಎಎ ಅಳತೆಯ ಲಿಥಿಯಂ ಬ್ಯಾಟರಿ ಇನ್ನೂ ಕೆಟ್ಟದ್ದು. ಅದು ಒಡೆದರೆ ಬೋರ್ಡಿನ ಜೊತೆ ಒಳಗಿನ ಲೋಹದ ಚೌಕಟ್ಟನ್ನೂ ಹಾಳು ಮಾಡುತ್ತದೆ. ಪೆಂಟಿಯಂ ಕಾಲದಿಂದ ಬಳಕೆಗೆ ಬಂದ ನಾಣ್ಯದಂಥ ಸಿಆರ್2032 ಸೆಲ್ ಅಷ್ಟು ಅಪಾಯದ್ದಲ್ಲ.

ತೆಗೆಯುವ ಮುಂಚೆ ಒಂದು ಕೆಲಸ ಇದೆ. ಆ ಬ್ಯಾಟರಿ ಇನ್ನೂ ಜೀವಂತ ಇದ್ದರೆ, ಯಂತ್ರ ಆನ್ ಮಾಡಿ, ಅದರ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್ ಪರದೆಗೆ ಹೋಗಿ. ಹಾರ್ಡ್‌ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಕ್ಯಾಬಿನೆಟ್ ಒಳಗಡೆ ಅಂಟಿಸಿ. 386ರ ಕಾಲದ ಯಂತ್ರಕ್ಕೆ ಈ ಅಂಕಿಗಳನ್ನು ನಾವೇ ಕೊಡಬೇಕಾಗುತ್ತದೆ.

ಲ್ಯಾಪ್‌ಟಾಪ್‌ಗಳ ಲಿಥಿಯಂ ಬ್ಯಾಟರಿ ಊದಿಕೊಂಡಿದ್ದರೆ ಅದಕ್ಕೆ ಮನೆಯಲ್ಲಿ ಜಾಗವೇ ಇಲ್ಲ. ಚುಚ್ಚಬೇಡಿ, ಒತ್ತಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.

ಅಟ್ಟ

ಎಲ್ಲರ ಕಣ್ಣು ಮೊದಲು ಹೋಗುವುದು ಅಟ್ಟದ ಕಡೆಗೇ. ಬೆಂಗಳೂರಿನ ಮನೆಗಳಲ್ಲಿ ಬೆಡ್‌ರೂಮಿಗೊಂದು, ಅಡುಗೆಮನೆಗೊಂದು ಕಾಂಕ್ರೀಟ್ ಅಟ್ಟ ಇದ್ದೇ ಇರುತ್ತದೆ. ಸುಮಾರು ಏಳಡಿ ಎತ್ತರದಲ್ಲಿ, ಎರಡಡಿ ಆಳ. ನೆಲದ ಜಾಗ ಒಂದಿಂಚೂ ಹೋಗುವುದಿಲ್ಲ, ಮನೆಯವರ ತಕರಾರೂ ಇರುವುದಿಲ್ಲ. ಇದು ಅಟ್ಟದ ದೊಡ್ಡ ಗುಣ.

ಆದರೆ ಎಲ್ಲ ಅಟ್ಟಗಳೂ ಒಂದೇ ಅಲ್ಲ. ಮೂರು ವಿಷಯ ನೋಡಿ. ನಿಮ್ಮ ಮೇಲೆ ಇನ್ನೊಂದು ಮನೆ ಇದೆಯಾ, ಇಲ್ಲಾ ನೇರವಾಗಿ ತಾರಸಿಯಾ? ತಾರಸಿ ಆದರೆ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿವರೆಗೂ ಆ ಸೆಕೆಯನ್ನು ಕೆಳಗೆ ಬಿಡುತ್ತಿರುತ್ತದೆ. ಮನೆಯಲ್ಲೆಲ್ಲ ಅತಿ ಬಿಸಿಯಾದ ಗಾಳಿ ನಿಲ್ಲುವುದು ಅಟ್ಟದಲ್ಲೇ. ಎಲೆಕ್ಟ್ರೊಲಿಟಿಕ್ ಕ್ಯಾಪಾಸಿಟರ್ ಬಗ್ಗೆ ಎಲೆಕ್ಟ್ರಾನಿಕ್ಸ್‌ನವರಲ್ಲಿ ಒಂದು ಲೆಕ್ಕ ಇದೆ: ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಅದು ಕೆಲಸ ಮಾಡುತ್ತಿರುವ ಕ್ಯಾಪಾಸಿಟರ್ ಬಗ್ಗೆ ಹೇಳಿದ ಮಾತಾದರೂ, ಸೆಕೆ ಅದಕ್ಕೆ ಎಷ್ಟು ಆಗದು ಅನ್ನುವುದು ಅದರಿಂದ ತಿಳಿಯುತ್ತದೆ.

ಎರಡನೆಯದು, ಅದು ಅಡುಗೆಮನೆಯ ಅಟ್ಟವಾ? ಹಾಗಿದ್ದರೆ ಬೇಡವೇ ಬೇಡ. ಒಗ್ಗರಣೆಯ ಎಣ್ಣೆ ಜಿಡ್ಡು ಮೇಲೇರಿ ಕೂರುತ್ತದೆ. ಅದಕ್ಕೆ ಧೂಳು ಅಂಟಿ ಗಟ್ಟಿಯಾದರೆ ಕೀಬೋರ್ಡು ತೊಳೆದರೂ ಸರಿಹೋಗದು. ಜಿರಲೆ ಕಾಟ ಬೇರೆ. ಮೂರನೆಯದು, ಅಟ್ಟದ ಹಿಂದಿನ ಗೋಡೆ ಬಚ್ಚಲುಮನೆಯದಾ? ಸುಣ್ಣ ಉದುರುತ್ತಿದ್ದರೆ, ಬಣ್ಣ ಉಬ್ಬಿದ್ದರೆ ಅಲ್ಲಿ ತೇವ ಇದೆ ಅಂತಲೇ ಅರ್ಥ.

ಈ ಮೂರೂ ಪರೀಕ್ಷೆಯಲ್ಲಿ ಅಟ್ಟ ಪಾಸಾದರೂ ನಾನು ಅಲ್ಲಿಡುವುದು ಹಗುರವಾದ, ಸೆಕೆ ತಾಳುವ ಸಾಮಾನು ಮಾತ್ರ. ಖಾಲಿ ಕ್ಯಾಬಿನೆಟ್, ಕೀಬೋರ್ಡ್, ತಗಡಿನ ಬಿಡಿಭಾಗ, ಎಕ್ಸ್‌ಟ್ರಾ ಕೇಬಲ್. ಮಾನಿಟರನ್ನು ಖಂಡಿತ ಇಡಬೇಡಿ. ಪಿಕ್ಚರ್ ಟ್ಯೂಬ್ ಮಾನಿಟರಿನ ಭಾರವೆಲ್ಲ ಮುಂದಿನ ಗಾಜಿನ ಕಡೆ ಇರುತ್ತದೆ. ಸ್ಟೂಲ್ ಮೇಲೆ ನಿಂತು ಅದನ್ನು ಇಳಿಸುವಾಗ ತೂಕ ತಪ್ಪಿದರೆ ಯಂತ್ರಕ್ಕಿಂತ ಜಾಸ್ತಿ ಪೆಟ್ಟು ಬೀಳುವುದು ಮನುಷ್ಯನಿಗೆ. ಟ್ಯೂಬಿನ ಒಳಗೆ ನಿರ್ವಾತ ಇರುವುದರಿಂದ ಒಡೆದಾಗ ಗಾಜಿನ ಚೂರು ಸಿಡಿಯುತ್ತದೆ. ಎತ್ತಲೇಬೇಕಾದಾಗ ಪರದೆಯ ಕಡೆಯನ್ನು ಎದೆಗೆ ಒತ್ತಿ ಹಿಡಿದು ಎತ್ತಿ.

ಮಂಚದ ಕೆಳಗೆ, ದಿವಾನದ ಒಳಗೆ

ಇದನ್ನು ಜನ ಕಡೆಗಣಿಸುತ್ತಾರೆ. ನನಗೆ ಮಾತ್ರ ಅಟ್ಟಕ್ಕಿಂತ ಇದೇ ಹಿಡಿಸುತ್ತದೆ. ಕತ್ತಲು ಇರುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಹಳದಿ ಆಗುವುದು ನಿಧಾನ. ನೆಲದ ಹತ್ತಿರ ತಂಪು. ಎತ್ತಿ ಇಳಿಸುವ ಕಷ್ಟವಿಲ್ಲ.

ಕೀಬೋರ್ಡಿನೊಳಗೇ ಕಂಪ್ಯೂಟರ್ ಇರುವ 1980ರ ದಶಕದ ಯಂತ್ರಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಝಡ್‌ಎಕ್ಸ್ ಸ್ಪೆಕ್ಟ್ರಮ್ ಬರೀ 23 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ. 1982ರ ಕಮೊಡೋರ್ 64 ಸುಮಾರು 40 ಸೆಂ.ಮೀ. ಉದ್ದ, 22 ಅಗಲ, ಎತ್ತರ 8 ಸೆಂ.ಮೀ.ಗಿಂತ ಕಡಿಮೆ. ಒಂದು ಡಬಲ್ ಕಾಟ್ ಕೆಳಗೆ ಇಂಥವು ಎಷ್ಟು ಹಿಡಿಯುತ್ತವೆ ನೀವೇ ಲೆಕ್ಕ ಹಾಕಿ.

ನೆಲ ಒರೆಸುವ ನೀರೇ ಇಲ್ಲಿ ದೊಡ್ಡ ಶತ್ರು. ಗ್ರೌಂಡ್ ಫ್ಲೋರ್ ಮನೆಯಾದರೆ ಮಳೆಗಾಲದಲ್ಲಿ ನೆಲದ ತೇವ ಕೂಡ. ಹಾಗಾಗಿ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗಳೇ ಬೇಕು, ಅವೂ ಚಕ್ರ ಇರುವಂಥವಾದರೆ ಒಳ್ಳೆಯದು. ರಟ್ಟಿನ ಪೆಟ್ಟಿಗೆ ಬೇಡ. ಅದು ತೇವ ಹೀರುತ್ತದೆ, ಗೆದ್ದಲು ಮತ್ತು ಜಿರಲೆಗಳನ್ನು ಕರೆಯುತ್ತದೆ. ಯಂತ್ರದ ಜೊತೆ ಬಂದ ಮೂಲ ಪೆಟ್ಟಿಗೆ ಇದ್ದರೆ ಅದನ್ನು ಮಡಚಿ ಬೇರೆ ಕಡೆ ಒಣಗಿದ ಜಾಗದಲ್ಲಿಡಿ.

ಡಬ್ಬಿಗೆ ತುಂಬುವ ಕಾಲವೂ ಮುಖ್ಯ. ಸೆಪ್ಟೆಂಬರ್ ಮಳೆಯಲ್ಲಿ ಮುಚ್ಚಳ ಹಾಕಿದರೆ ಆ ತೇವದ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ. ಶಿವರಾತ್ರಿ ಕಳೆದು ಯುಗಾದಿ ಬರುವ ಮುಂಚಿನ ಒಣ ದಿನಗಳೇ ಬೆಂಗಳೂರಿನಲ್ಲಿ ಇದಕ್ಕೆ ಸರಿಯಾದ ಕಾಲ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಾಗುವ ಬಗೆಯದಾದರೆ ತೇವ ಹಿಡಿದಿದ್ದು ಗೊತ್ತಾಗುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು.

ಸುತ್ತುವುದಕ್ಕೆ ಹಳೇ ಕಾಟನ್ ಪಂಚೆ, ಸೀರೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಬಲ್ ರ‍್ಯಾಪ್ ವರ್ಷಗಟ್ಟಲೆ ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಮೇಲೆ ಗುಳ್ಳೆಗಳ ಗುರುತು ಉಳಿಯುತ್ತದೆ. ವೈರನ್ನು ಯಂತ್ರಕ್ಕೇ ಸುತ್ತಿ ಇಡುವ ಅಭ್ಯಾಸ ಬಹಳ ಜನರಿಗಿದೆ. ಅದೂ ಬೇಡ. ಪಿವಿಸಿ ವೈರಿನೊಳಗಿನ ಮೆದುಕಾರಕ ನಿಧಾನವಾಗಿ ಹೊರಬಂದು ಪಕ್ಕದ ಪ್ಲಾಸ್ಟಿಕ್ಕನ್ನು, ಥರ್ಮಾಕೋಲನ್ನು ಕರಗಿಸುತ್ತದೆ. ವೈರುಗಳಿಗೆ ಬೇರೆ ಚೀಲ. ರಬ್ಬರ್ ಬ್ಯಾಂಡ್ ಬದಲು ಬಟ್ಟೆಯ ಪಟ್ಟಿ. ನುಸಿಗುಳಿಗೆ ಕೂಡ ಹಾಕಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ.

ರೂಮಿನಲ್ಲೊಂದು ರ‍್ಯಾಕ್

ಹಣ, ಜಾಗ, ಮನೆಯವರ ಒಪ್ಪಿಗೆ ಮೂರೂ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಯಂತ್ರ ಕಣ್ಣೆದುರು ಇದ್ದರೆ ಮಾತ್ರ ಅದನ್ನು ಆನ್ ಮಾಡುವ ಮನಸ್ಸಾಗುತ್ತದೆ. ಆನ್ ಆಗದ ಯಂತ್ರ ಎಷ್ಟೇ ಜೋಪಾನವಾಗಿದ್ದರೂ ಒಳಗೊಳಗೇ ಕೆಡುತ್ತಿರುತ್ತದೆ. ಹಾರ್ಡ್‌ಡಿಸ್ಕಿನ ತಟ್ಟೆಗೆ ಹೆಡ್ ಅಂಟಿಕೊಳ್ಳುತ್ತದೆ, ಡ್ರೈವಿನ ಗ್ರೀಸ್ ಗಟ್ಟಿಯಾಗುತ್ತದೆ, ರಬ್ಬರ್ ಬೆಲ್ಟ್ ಕರಗಿ ಜಿಗುಟಾಗುತ್ತದೆ.

ಮರದ ಶೋಕೇಸ್‌ಗಿಂತ ಸ್ಲಾಟೆಡ್ ಆಂಗಲ್ ಕಬ್ಬಿಣದ ರ‍್ಯಾಕ್ ಮೇಲು. ಗೆದ್ದಲು ಹತ್ತುವುದಿಲ್ಲ, ತಟ್ಟೆಗಳ ಎತ್ತರ ಬೇಕಾದಂತೆ ಬದಲಿಸಬಹುದು, ಮನೆ ಬದಲಿಸುವಾಗ ಬಿಚ್ಚಿ ಕಟ್ಟಬಹುದು. ಬಾಡಿಗೆಯವರಿಗೆ ಈ ಕೊನೆಯ ಗುಣ ಚಿನ್ನದಂಥದ್ದು. 11 ತಿಂಗಳ ಅಗ್ರಿಮೆಂಟ್ ಮುಗಿದಾಗ ಓನರ್ ಏನು ಹೇಳುತ್ತಾರೋ ಯಾರಿಗೆ ಗೊತ್ತು. ಗೋಡೆಗೆ ಮೊಳೆ ಹೊಡೆದ ಶೆಲ್ಫಾದರೆ ಅಡ್ವಾನ್ಸಿನಲ್ಲಿ ಕಡಿತ ಬೇರೆ.

ಆಳ 18 ಇಂಚಿನದು ಕೇಳಿ ತೆಗೆದುಕೊಳ್ಳಿ. 12 ಇಂಚಿನದು ಪುಸ್ತಕಕ್ಕೆ ಸರಿ, ಮಾನಿಟರಿನ ಹಿಂಭಾಗ ಹೊರಗೆ ಚಾಚುತ್ತದೆ. ಭಾರವಾದದ್ದು ಅತಿ ಕೆಳಗಿನ ತಟ್ಟೆಯಲ್ಲಿ ಬರಲಿ. 1984ರ ಮೊದಲ ಮ್ಯಾಕಿಂತೋಷ್ ಏಳೂವರೆ ಕೆ.ಜಿ. ಇದ್ದರೆ, 1998ರ ಬಣ್ಣದ ಐಮ್ಯಾಕ್ 17 ಕೆ.ಜಿ. ದಾಟುತ್ತದೆ. ಎರಡನ್ನೂ ಮೇಲಿನ ತಟ್ಟೆಗೆ ಏರಿಸಿದರೆ ರ‍್ಯಾಕ್ ಮುಂದಕ್ಕೆ ಬಾಗಬಹುದು. ಓನರ್ ಒಪ್ಪಿದರೆ ಮೇಲ್ತುದಿಯನ್ನು ಒಂದು ಕೊಕ್ಕೆಯಿಂದ ಗೋಡೆಗೆ ಬಿಗಿಯಿರಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ರಾಜಿಯಾಗಬೇಡಿ.

ನೆಲ ತಡೆಯುತ್ತದಾ ಅಂತ ಕೆಲವರು ಹೆದರುತ್ತಾರೆ. ನಮ್ಮ ದೇಶದ ಕಟ್ಟಡದ ಮಾನದಂಡದಲ್ಲಿ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರದ ಲೆಕ್ಕ ಹಿಡಿಯುತ್ತಾರೆ. ಗೋಡೆಗೆ ತಾಗಿ ನಿಂತ ಒಂದೆರಡು ರ‍್ಯಾಕ್‌ಗಳಿಂದ ಭಯವಿಲ್ಲ. ಕೋಣೆಯ ನಡುವೆ ಮಾನಿಟರ್‌ಗಳನ್ನು ಸಾಲಾಗಿ ಒಟ್ಟುವ ಯೋಚನೆ ಇದ್ದರೆ ಮಾತ್ರ ಎಂಜಿನಿಯರ್ ಒಬ್ಬರನ್ನು ಕೇಳಿ.

ಕಿಟಕಿಯ ಎದುರು ಗೋಡೆ ಬೇಡ, ಪಕ್ಕದ ಗೋಡೆ ಆರಿಸಿ. ಬಿಸಿಲು ನೇರ ಬೀಳುವ ಕಡೆ ಬೂದು ಬಣ್ಣದ ಎಬಿಎಸ್ ಪ್ಲಾಸ್ಟಿಕ್ ಬೇಗ ಹಳದಿ ಆಗುತ್ತದೆ. ಒಂದು ದಪ್ಪ ಕರ್ಟನ್ ಹಾಕಿದರೆ ಧೂಳೂ ತಡೆಯುತ್ತದೆ, ಅತ್ತೆ ಮಾವ ಬಂದಾಗ ರೂಮು ಚೆಂದವೂ ಕಾಣುತ್ತದೆ.

ರ‍್ಯಾಕ್ ಪಕ್ಕ ಒಂದು ಸಣ್ಣ ಮೇಜು ಖಾಲಿ ಇರಬೇಕು. ಒಂದು ಮಾನಿಟರ್, ಒಂದು ಪ್ಲಗ್ ಪಾಯಿಂಟ್, ಸರಿಯಾದ ಅರ್ತಿಂಗ್. ಯಂತ್ರಗಳು ಸರದಿಯಲ್ಲಿ ಬಂದು ಅಲ್ಲಿ ಕೂರಲಿ. ಈ ಮೇಜಿಗೆ ಜಾಗ ಮಾಡಲು ಎರಡು ಯಂತ್ರ ಬಿಟ್ಟುಕೊಡಬೇಕಾಗಿ ಬಂದರೂ ಬಿಟ್ಟುಕೊಡಿ ಅಂತಲೇ ನನ್ನ ಸಲಹೆ. ಅಮೆರಿಕದಿಂದ ಬಂದ ಯಂತ್ರವಾದರೆ ಪ್ಲಗ್ ಹಾಕುವ ಮುಂಚೆ ಹಿಂದಿನ ಚೀಟಿ ಓದಿ. ಅದು 110-120 ವೋಲ್ಟಿನದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪವರ್ ಸಪ್ಲೈ ಹಿಂದೆ ಸಣ್ಣ ಕೆಂಪು ಸ್ವಿಚ್ ಇದ್ದರೆ ಅದು 230ರ ಕಡೆ ಇದೆಯಾ ನೋಡಿ.

ಬಾಲ್ಕನಿ, ಯುಟಿಲಿಟಿ, ಬೇಸ್‌ಮೆಂಟ್

ಮೂರಕ್ಕೂ ಒಂದೇ ಉತ್ತರ: ಬೇಡ. ಬಾಲ್ಕನಿಯಲ್ಲಿ ಬಿಸಿಲು, ಎರಚಲು, ಪಾರಿವಾಳ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ನಿನ ತೇವ. ಬೇಸ್‌ಮೆಂಟ್ ಪಾರ್ಕಿಂಗಿನ ಮೂಲೆ ಎಷ್ಟೇ ದೊಡ್ಡದಿರಲಿ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ಹೇಗೆ ನುಗ್ಗಿತು ಅನ್ನುವುದನ್ನು ನೆನಪಿಸಿಕೊಳ್ಳಿ.

ತಾರಸಿಯ ರೂಮು

30×40 ಸೈಟಿನಲ್ಲಿ ಸ್ವಂತ ಮನೆ ಇರುವವರು ಮೇಲೊಂದು ರೂಮು ಕಟ್ಟಿಸಿ ಎಲ್ಲವನ್ನೂ ಅಲ್ಲಿಗೆ ಸಾಗಿಸುವ ಕನಸು ಕಾಣುತ್ತಾರೆ. ಮೂರು ಕಡೆ ಗಾಳಿ, ಯಾರ ಕಾಟವೂ ಇಲ್ಲ. ಆದರೆ ನಾಲ್ಕೂ ಗೋಡೆಗೆ ಮತ್ತು ಚಾವಣಿಗೆ ಬಿಸಿಲು. ಶೀಟ್ ಹಾಕಿದ ರೂಮಾದರೆ ಆಸೆ ಬಿಟ್ಟುಬಿಡಿ. ಕಾಂಕ್ರೀಟ್ ಚಾವಣಿಯಾದರೆ ಮೇಲೆ ಬಿಸಿಲು ತಿರುಗಿಸುವ ಬಿಳಿ ಬಣ್ಣ, ಒಂದು ಎಕ್ಸಾಸ್ಟ್ ಫ್ಯಾನ್, ಸೋರಿಕೆ ಇಲ್ಲ ಅನ್ನುವ ಖಾತ್ರಿ ಇಷ್ಟು ಬೇಕು. ಒಂದು ಇಡೀ ಮಳೆಗಾಲ ಖಾಲಿ ಬಿಟ್ಟು ನೋಡಿ, ಆಮೇಲೆ ಸಾಮಾನು ಏರಿಸಿ.

ಊರಿನ ಮನೆ, ಬಾಡಿಗೆ ಗೋದಾಮು

"ಊರಲ್ಲಿ ಅಷ್ಟು ದೊಡ್ಡ ಮನೆ ಖಾಲಿ ಬಿದ್ದಿದೆಯಲ್ಲ" ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಯಾವ ಊರು ಅನ್ನುವುದರ ಮೇಲೆ ಉತ್ತರ ನಿಂತಿದೆ. ಕೋಲಾರ, ತುಮಕೂರಿನ ಕಡೆಯ ಒಣ ಹವೆಯಲ್ಲಿ ಒಂದು ಗಟ್ಟಿ ಚಾವಣಿಯ ಕೋಣೆ ಸಿಕ್ಕರೆ ಧೂಳು, ಇಲಿ ಎರಡನ್ನು ನೋಡಿಕೊಂಡರೆ ಆಯಿತು. ಮಲೆನಾಡು, ಕರಾವಳಿಯ ಮನೆಗಾದರೆ ಕಳಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಜಾಗದಲ್ಲಿ ಫ್ಲಾಪಿಯ ಮೇಲೆ ಬೂಷ್ಟು ಬರದೆ ಇರುತ್ತದಾ? ಹಳೇ ಪವರ್ ಸಪ್ಲೈಗಳಿಗೂ ತೇವದಿಂದ ಕೇಡು. 1980ರ ದಶಕದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋದಂಥ ಯಂತ್ರಗಳಲ್ಲಿ ಇರುವ ಕಾಗದದ ಕ್ಯಾಪಾಸಿಟರಿನ ಮೈ ಬಿರುಕು ಬಿಟ್ಟು ತೇವ ಹೀರುತ್ತದೆ. ಮುಂದೆ ಪ್ಲಗ್ ಹಾಕಿದ ದಿನ ಅದು ಸಿಡಿದು ದಟ್ಟ ಹೊಗೆ ಬರುತ್ತದೆ.

ಅಪ್ಪ ಅಮ್ಮನ ವಯಸ್ಸನ್ನೂ ಯೋಚಿಸಿ. ಅವರಿಗೆ ಇದು ಕಾಯುವ ಹೊರೆ ಆಗಬಾರದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದು ಅಂಟಿಸಿ: ಇದನ್ನು ಗುಜರಿಗೆ ಕೊಡಬಾರದು.

ತಿಂಗಳ ಬಾಡಿಗೆಗೆ ಸಿಗುವ ಗೋದಾಮುಗಳು ಮನೆ ಬದಲಿಸುವ ಎರಡು ಮೂರು ತಿಂಗಳಿಗೆ ಸರಿ. ಅದಕ್ಕಿಂತ ಜಾಸ್ತಿ ದಿನಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ದುಡ್ಡು ಹೋಗುತ್ತಲೇ ಇರುತ್ತದೆ, ಯಂತ್ರ ಮುಟ್ಟಲು ಸಿಗುವುದಿಲ್ಲ.

ಒಳ್ಳೆಯ ಜಾಗ ಯಾವುದಕ್ಕೆ ಸಲ್ಲಬೇಕು

ಜಾಗ ಕಡಿಮೆ ಇದ್ದಾಗ ಯಾವ ಯಂತ್ರ ಒಳಗೆ, ಯಾವುದು ಹೊರಗೆ ಅನ್ನುವುದನ್ನು ನಿರ್ಧರಿಸಲೇಬೇಕು. ಜಗತ್ತಿನಲ್ಲಿ ಲಕ್ಷಗಟ್ಟಲೆ ಇರುವ, ಬೇರೆಯವರೂ ಕಾಪಾಡುತ್ತಿರುವ ಯಂತ್ರಕ್ಕಿಂತ ನಮ್ಮ ಕಡೆಯದೇ ಆದದ್ದಕ್ಕೆ ಮೊದಲ ಸ್ಥಾನ ಕೊಡಿ ಅಂತ ನಾನು ಒತ್ತಿ ಹೇಳುತ್ತೇನೆ. ಬೆಂಗಳೂರಿನಲ್ಲೇ ರೂಪುಗೊಂಡು 2004ರಲ್ಲಿ ಬಿಇಎಲ್ ತಯಾರಿಸಿದ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಅಮಿಡಾ ಸಿಂಪ್ಯೂಟರ್, 1980ರ ದಶಕದ ವಿಪ್ರೊ ಯಂತ್ರ, ಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984ರ ಸುಮಾರಿಗೆ ಶುರುವಾದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ, ಅದನ್ನೇ ಮೊಹಾಲಿಯಲ್ಲಿ ತಯಾರಿಸಿದ ಯೂನಿಕಾರ್ನ್. ನಮ್ಮಲ್ಲಿ ಬಳಕೆಯಾದ ಈ ಯಂತ್ರಗಳು ಕಳೆದುಹೋದರೆ ಬೇರೆ ದೇಶದಲ್ಲಿ ಯಾರಾದರೂ ಉಳಿಸಿಕೊಟ್ಟಿರುವ ಸಾಧ್ಯತೆ ಕಡಿಮೆ.

ಕನ್ನಡಕ್ಕೆ ಸಂಬಂಧಪಟ್ಟ ಯಂತ್ರ ಇದ್ದರಂತೂ ರ‍್ಯಾಕಿನ ನಡುವಿನ ತಟ್ಟೆ ಅದಕ್ಕೇ. ವಿಂಡೋಸ್‌ಗಿಂತ ಮುಂಚಿನ ಡಾಸ್ ಪರದೆಯ ಮೇಲೆ ಕನ್ನಡ ತೋರಿಸುತ್ತಿದ್ದ ಜಿಸ್ಟ್ ಕಾರ್ಡ್ ಕೂರಿಸಲು ಹಳೇ ಬಗೆಯ ಸ್ಲಾಟ್ ಇರುವ ಮದರ್‌ಬೋರ್ಡೇ ಬೇಕು. ಕನ್ನಡ ಟೈಪ್ ಮಾಡುವ ತಂತ್ರಾಂಶ ‘ಬರಹ’ ಬಂದದ್ದು 1998ರಲ್ಲಿ. ಆ ಕಾಲದ ಪತ್ರಿಕೆ, ಡಿಟಿಪಿ ಅಂಗಡಿಗಳ ಕಡತಗಳು ಈಗಿನ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗಿಂತ ಮುಂಚಿನ ಫಾಂಟುಗಳಲ್ಲಿವೆ. ಅವು ಮೂಲದಲ್ಲಿ ಹೇಗೆ ಕಾಣುತ್ತಿದ್ದವು ಅಂತ ನೋಡಲು ಒಂದು ವಿಂಡೋಸ್ 98 ಯಂತ್ರ ಓಡುವ ಸ್ಥಿತಿಯಲ್ಲಿರಬೇಕು. ಇಂಥ ಫ್ಲಾಪಿ ಸಿಕ್ಕರೆ ಇಡುವ ಜಾಗ ಆಮೇಲೆ ಯೋಚಿಸಿ, ಮೊದಲು ನಕಲು ಮಾಡಿ. ಮೂರೂವರೆ ಇಂಚಿನದಕ್ಕೆ ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವ್ ಸಾಕು. ಐದೂಕಾಲು ಇಂಚಿನದಕ್ಕೆ ಹಳೇ ಡ್ರೈವ್ ಮತ್ತು ಅದನ್ನು ಈಗಿನ ಕಂಪ್ಯೂಟರಿಗೆ ಜೋಡಿಸುವ ಗ್ರೀಸ್‌ವೀಝಲ್‌ನಂಥ ಸಣ್ಣ ಬೋರ್ಡ್ ಬೇಕು. ಆಮೇಲೆ ಫ್ಲಾಪಿಗಳನ್ನು ನಿಲ್ಲಿಸಿ ಜೋಡಿಸಿ, ಸ್ಪೀಕರಿನಿಂದ ದೂರ, ಬೀರುವಿನ ಒಳಗೆ.

ಪೆಂಟಿಯಂ 4 ಕಾಲದ ಡಬ್ಬಗಳಿಗೆ ಅಷ್ಟು ಮರುಗಬೇಡಿ. ಅವು ಇನ್ನೂ ಧಾರಾಳವಾಗಿ ಸಿಗುತ್ತವೆ, ಆ ಕಾಲದ ಬಹಳ ಬೋರ್ಡುಗಳ ಕ್ಯಾಪಾಸಿಟರ್ ಊದಿಕೊಂಡಿರುತ್ತವೆ. ಒಂದು ಇಟ್ಟುಕೊಂಡರೆ ಸಾಕು. ಆಟ ಆಡುವ ಆಸೆಯಷ್ಟೇ ಇದ್ದರೆ ಹಳೇ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶಗಳಿವೆ: ಡಾಸ್ ಆಟಗಳಿಗೆ ಡಾಸ್‌ಬಾಕ್ಸ್, ಕಮೊಡೋರ್‌ಗೆ ವೈಸ್, ಹಳೇ ಪಿಸಿಗೆ 86ಬಾಕ್ಸ್. ಒಂದು ಲ್ಯಾಪ್‌ಟಾಪಿನೊಳಗೇ ಎಲ್ಲ ಮುಗಿಯುತ್ತದೆ. ಕೀಲಿ ಒತ್ತಿದಾಗಿನ ಸದ್ದು, ಪರದೆಯ ಮಿಂಚು ಅದರಲ್ಲಿ ಬರುವುದಿಲ್ಲ ನಿಜ. ಆದರೆ ಒಂದು ರೂಮಿನ ಮನೆಯಲ್ಲಿರುವ ಹುಡುಗರಿಗೆ ಒಂದು ನಿಜವಾದ ಯಂತ್ರ, ಉಳಿದದ್ದಕ್ಕೆ ಎಮ್ಯುಲೇಟರ್ ಅನ್ನುವುದು ಒಳ್ಳೆಯ ಹೊಂದಾಣಿಕೆ. ಎರಡು ಬೆಡ್‌ರೂಮಿನ ಬಾಡಿಗೆಯವರು ಒಂದು ರ‍್ಯಾಕ್, ಮಂಚದ ಕೆಳಗಿನ ಡಬ್ಬಿಗಳು, ಹಗುರ ಸಾಮಾನಿಗೆ ಬೆಡ್‌ರೂಮಿನ ಅಟ್ಟ ಇಷ್ಟರಲ್ಲಿ ನೆಮ್ಮದಿಯಾಗಿ ಇರಬಹುದು.

ಎಲ್ಲಿಟ್ಟರೂ ವರ್ಷಕ್ಕೆ ಎರಡು ಸಲ ಹೊರಗೆ ತೆಗೆಯಿರಿ. ಒಮ್ಮೆ ಯುಗಾದಿಗೆ ಮುಂಚೆ, ಇನ್ನೊಮ್ಮೆ ಆಯುಧಪೂಜೆಗೆ. ಹೇಗೂ ಅವತ್ತು ಗಾಡಿ, ಸೈಕಲ್ ಎಲ್ಲ ಒರೆಸುತ್ತೇವೆ, ಕಂಪ್ಯೂಟರೂ ಸೇರಲಿ. ಮುಚ್ಚಳ ಬಿಚ್ಚಿ ನೋಡಿ, ಧೂಳು ಬ್ರಷ್‌ನಿಂದ ತೆಗೆಯಿರಿ, ಒಂದಷ್ಟು ಹೊತ್ತು ಓಡಿಸಿ. ಅರಿಶಿನ ಕುಂಕುಮವನ್ನು ಕೀಲಿಗಳ ಮೇಲೆ ಇಡದೆ ಕ್ಯಾಬಿನೆಟ್ಟಿನ ಲೋಹದ ಪಕ್ಕಕ್ಕೆ ಇಟ್ಟರೆ ಪುಡಿ ಒಳಗೆ ಹೋಗುವುದಿಲ್ಲ.

ಜಾಗ ಮುಗಿದಾಗ

ಕೊಡುವುದಾದರೆ ಯಂತ್ರದ ಜೊತೆ ಅದರ ಕೇಬಲ್, ಮ್ಯಾನ್ಯುಯಲ್, ಫ್ಲಾಪಿ ಎಲ್ಲ ಒಟ್ಟಿಗೆ ಕೊಡಿ. ಬಿಡಿಬಿಡಿಯಾಗಿ ಹೋದರೆ ಯಾರಿಗೂ ಉಪಯೋಗವಿಲ್ಲ. ಮೊದಲ ಕರೆ ಇನ್ನೊಬ್ಬ ಸಂಗ್ರಹಕಾರರಿಗೆ, ಎರಡನೆಯದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ. ಆಫೀಸಿನಿಂದ ಬಂದ ಯಂತ್ರವಾದರೆ ಹಾರ್ಡ್‌ಡಿಸ್ಕಿನಲ್ಲಿ ಯಾರದೋ ಸಂಬಳದ ಪಟ್ಟಿ, ಗ್ರಾಹಕರ ವಿಳಾಸ ಇರಬಹುದು. ಅದನ್ನು ಅಳಿಸದೆ ಕೈದಾಟಿಸಬೇಡಿ.

ಯಾರಿಗೂ ಬೇಡವಾದದ್ದು, ಮುಖ್ಯವಾಗಿ ಒಡೆದ ಮಾನಿಟರ್, ಬೀದಿಯ ಗುಜರಿಗೆ ಹೋಗಬಾರದು. ತಾಮ್ರದ ಸುರುಳಿಗಾಗಿ ಟ್ಯೂಬನ್ನು ಒಡೆಯುತ್ತಾರೆ, ಅದರ ಹಿಂಭಾಗದ ಗಾಜಿನಲ್ಲಿ ಸೀಸ ಇರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.